ಗುಲಾಬಿ, ದಾಸವಾಳದ ಕಡ್ಡಿ ಚಿಗುರಿ ಆಮೇಲೆ ಒಣಗ್ತಿದೆ, ಬೇರು ಬರ್ಸೋದು ಹೇಗೆ? ಅನುಭವ ಇರೋರು ಹೇಳಿ

ನಮಸ್ಕಾರ ಎಲ್ಲರಿಗೂ. ಗಿಡ ಬೆಳೆಸೋದ್ರಲ್ಲಿ ನಾನು ಹೊಸಬಳು. ಗುಲಾಬಿದೂ ದಾಸವಾಳದ್ದೂ ಕಡ್ಡಿ ಇಸ್ಕೊಂಡು ಬಂದು ಪಾಟಲ್ಲಿ ನೆಟ್ಟೆ, ಸ್ವಲ್ಪ ದಿನಕ್ಕೆ ಪುಟ್ಟ ಪುಟ್ಟ ಚಿಗುರು ಬಂತು, ಆಮೇಲೆ ಇದ್ದಕ್ಕಿದ್ದಂಗೆ ಚಿಗುರು ಬಾಡಿ ಕಡ್ಡಿ ಬುಡದಿಂದ ಕಪ್ಪಾಯ್ತು. ಕಿತ್ತು ನೋಡಿದ್ರೆ ಒಂದು ಬೇರೂ ಇಲ್ಲ. ಬೇರಿಲ್ದೆ ಚಿಗುರು ಹೆಂಗೆ ಬಂತು ಅಂತಾನೇ ಅರ್ಥ ಆಗ್ತಿಲ್ಲ. ಬೇರು ಬರ್ಸೋ ಹಾರ್ಮೋನ್ ಪೌಡರ್ ಹಾಕ್ಲೇಬೇಕಾ, ನೀರಲ್ಲಿಡೋದಾ ಮಣ್ಣಲ್ಲಿಡೋದಾ, ನಿಮ್ಗೆ ಹೆಂಗೆ ಬಂತು ಅಂತ ಹೇಳಿ ಪ್ಲೀಸ್.

—

ಚಿಗುರು ಬಂತು ಅಂದ್ರೆ ಬೇರು ಬಂತು ಅಂತಲ್ಲ ಮೇಡಂ, ಹೊಸಬರೆಲ್ಲ ಎಡವೋದು ಇಲ್ಲೇ. ಕಡ್ಡಿ ಒಳಗೆ ಮೊದ್ಲೇ ಪಿಷ್ಟ ಕೂಡಿಟ್ಕೊಂಡಿರತ್ತೆ, ಗೆಣ್ಣಲ್ಲಿ ಕಣ್ಣೂ ರೆಡಿ ಇರತ್ತೆ, ಸ್ವಲ್ಪ ತೇವ ಸಿಕ್ತು ಬೆಚ್ಚಗಾಯ್ತು ಅಂದ್ರೆ ಆ ದಾಸ್ತಾನಲ್ಲೇ ಚಿಗುರಿಬಿಡತ್ತೆ. ಬೇರು ಹಂಗಲ್ಲ, ಅದು ಹೊಸದಾಗಿ ಹುಟ್ಬೇಕು. ಕೊಯ್ದಿರೋ ಬಾಯಿಗೆ ಮೊದ್ಲು ಬೆಳ್ಳಗೆ ಗಂಟು ಗಂಟಾಗಿ ಕಟ್ಟತ್ತೆ, ಕ್ಯಾಲಸ್ ಅಂತಾರೆ, ಅದೂ ಬೇರಲ್ಲ, ಗಾಯ ಮಾಯ್ತಿರೋದು ಅಷ್ಟೆ. ನಿಜವಾದ ಬೇರು ತೊಗಟೆ ಕೆಳಗಿನ ಹಸಿ ಪದರದ ಹತ್ರದಿಂದ ಒಡ್ಕೊಂಡು ಬರೋಷ್ಟರಲ್ಲಿ ಮೇಲ್ಗಡೆ ಎಲೆ ಜಾಸ್ತಿಯಾಗಿ ನೀರೆಲ್ಲ ಆವಿಯಾಗಿ ಹೋಗ್ತಾ ಇದ್ರೆ ಕೆಳಗಿಂದ ಎಳ್ಕೊಳ್ಳೋಕೆ ಏನಿದೆ ಹೇಳಿ? ಬಾಡ್ಲೇಬೇಕು. ಬಾಡಿದ್ದು ನೋಡಿ ನಾವು ಇನ್ನೊಂದು ಚೊಂಬು ನೀರು ಹಾಕ್ತೀವಿ, ಬುಡ ಕೊಳಿಯತ್ತೆ. ನಿಮ್ಮದು ಬುಡದಿಂದ ಕಪ್ಪಾಯ್ತು ಅಂದ್ರಲ್ಲ, ಅದು ನೀರು ಕಮ್ಮಿಯಾಗಿ ಅಲ್ಲ, ಜಾಸ್ತಿಯಾಗಿ.

ನೀರನ್ನ ಬುಡಕ್ಕಲ್ಲ, ಎಲೆ ಸುತ್ತ ಇರೋ ಗಾಳಿಗೆ ಕೊಡಿ ಅನ್ನೋದು ನನ್ನ ಅಭಿಪ್ರಾಯ. ಕೆಳಗಿನ ಎಲೆ ಎಲ್ಲ ತೆಗೀರಿ, ಮೇಲೆ ಎರಡು ಮೂರು ಎಲೆ ಬಿಟ್ಟು, ದೊಡ್ಡವಿದ್ರೆ ಅವನ್ನೂ ಅರ್ಧಕ್ಕೆ ಅಡ್ಡ ಕತ್ತರಿಸಿ, ಮೊಗ್ಗು ಹೂವು ಏನಿದ್ರೂ ಚಿವುಟಿ. ಆಮೇಲೆ ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟ್ಲಿ ಅಥವಾ ಪಾರದರ್ಶಕ ಕವರ್ ಮುಚ್ಚಿ ಬೆಳಕಿರೋ ನೆರಳಲ್ಲಿಡಿ. ಬಿಸಿಲಲ್ಲಿಟ್ರೆ ಕವರ್ ಒಳಗೇ ಬೆಂದು ಹೋಗತ್ತೆ.

—

ಮೇಲಿನೋರು ಹೇಳಿದ್ದು ಸರಿ, ಆದ್ರೆ ಕಡ್ಡಿ ಆರಿಸೋದ್ರ ಬಗ್ಗೆ ಯಾರೂ ಹೇಳ್ಲಿಲ್ಲ. ತೀರಾ ಹಸಿರು ಕುಡಿ ಕೊಳೆಯತ್ತೆ, ಹಳೇ ಕಟ್ಟಿಗೆ ತರ ಇರೋದು ಬೇರು ಬಿಡೋಕೆ ಸತಾಯಿಸತ್ತೆ. ಹೂ ಬಿಟ್ಟು ಉದುರಿದ ರೆಂಬೆ, ಬಗ್ಗಿಸಿದ್ರೆ ಬಗ್ಗಬೇಕು ಆದ್ರೆ ಸ್ವಲ್ಪ ಬಿರುಸಿರ್ಬೇಕು, ಪೆನ್ಸಿಲ್ ದಪ್ಪ, 15 ರಿಂದ 20 ಸೆಂಟಿಮೀಟರ್, ಮೂರು ನಾಲ್ಕು ಗೆಣ್ಣು. ಕೆಳಗಿನ ಕಟ್ ಗೆಣ್ಣಿನ ಸ್ವಲ್ಪ ಕೆಳಗೇ ಬರ್ಲಿ, ಓರೆಯಾಗಿ. ಮೇಲಿನದು ನೇರವಾಗಿ. ಇದು ಶೋಕಿಗಲ್ಲ, ನಾಲ್ಕೈದು ಕಡ್ಡಿ ಒಟ್ಟಿಗೆ ಕೊಯ್ದಾಗ ಯಾವ್ದು ಮೇಲೆ ಯಾವ್ದು ಕೆಳಗೆ ಗೊತ್ತಾಗಲ್ಲ, ತಲೆಕೆಳಗಾಗಿ ನೆಟ್ರೆ ಏನೂ ಪ್ರಯೋಜನ ಇಲ್ಲ. ಬೇರು ಬರ್ಸೋ ಆಕ್ಸಿನ್ ಅನ್ನೋ ಹಾರ್ಮೋನ್ ಕುಡಿಯಿಂದ ಬುಡದ ಕಡೆಗೇ ಇಳ್ಯೋದು. ಬ್ಲೇಡು ಚೂಪಾಗಿರ್ಲಿ, ಸ್ಪಿರಿಟ್ಟಲ್ಲಿ ಒರೆಸ್ಕೊಳ್ಳಿ. ಮೊಂಡು ಕತ್ರಿ ಆದ್ರೆ ತೊಗಟೆ ಜಜ್ಜಿ ಅಲ್ಲಿಂದಾನೇ ಕೊಳೆ ಶುರು.

ಬೆಳಿಗ್ಗೆ ಹೊತ್ತಲ್ಲಿ ಕೊಯ್ಯಿ, ತಕ್ಷಣ ನೀರಿಗೆ ಹಾಕಿ. ಮಧ್ಯಾಹ್ನ ಕೊಯ್ದು ಬ್ಯಾಗಲ್ಲಿಟ್ಕೊಂಡು ಊರೆಲ್ಲ ಸುತ್ತಿ ಬಂದ್ರೆ ಆಗಲ್ಲ 😄 ಇನ್ನೊಂದು, ಗುಲಾಬಿ ಕಸಿ ಗಿಡ ಆಗಿದ್ರೆ ಕಸಿ ಗಂಟಿನ ಕೆಳಗಿಂದ ಬಂದ ರೆಂಬೆ ತಗೋಬೇಡಿ, ನೀವು ಆಸೆಪಟ್ಟ ಹೂವು ಬರಲ್ಲ, ಬುಡದ ಕಾಡು ಗುಲಾಬಿ ಬರತ್ತೆ.

—

ನೀರಲ್ಲಿ ಇಡಿ ಅಕ್ಕ, ಬೇರು ಬರೋದು ಕಣ್ಣಿಗೆ ಕಾಣತ್ತೆ, ಟೆನ್ಷನ್ ಇಲ್ಲ. ಮನಿ ಪ್ಲಾಂಟ್, ಕೋಲಿಯಸ್ ಎಲ್ಲ ನಾನು ಹಂಗೇ ಮಾಡೋದು. ಎರಡು ಮೂರು ದಿನಕ್ಕೊಂದ್ಸಲ ನೀರು ಬದ್ಲಾಯಿಸಿ ಅಷ್ಟೆ.

—

ಮನಿ ಪ್ಲಾಂಟ್ ಬಿಡಿ, ಅದು ಸಾಯಿಸಿದ್ರೂ ಸಾಯಲ್ಲ. ಗುಲಾಬಿಗೆ ನೀರು ನಂಬ್ಕೊಂಡ್ರೆ ಕಷ್ಟ. ದಾಸವಾಳ ನೀರಲ್ಲೂ ಬಿಡತ್ತೆ, ಆದ್ರೆ ನೀರಲ್ಲಿ ಬಂದ ಬೇರು ತುಂಬಾ ನಾಜೂಕು, ಮುಟ್ಟಿದ್ರೆ ಮುರಿಯತ್ತೆ, ಮಣ್ಣಿಗೆ ಹಾಕಿದಾಗ ಒಗ್ಗೋಕೆ ಒದ್ದಾಡತ್ತೆ. ಬೇರು ಎರಡು ಮೂರು ಸೆಂಟಿಮೀಟರ್ ಇದ್ದಾಗ್ಲೇ ಎತ್ತಿ ನೆಡ್ಬೇಕು, ನೋಡೋಕೆ ಚೆಂದ ಅಂತ ಗ್ಲಾಸ್ ತುಂಬ ಬೆಳೆಯೋಕೆ ಬಿಡ್ಬಾರ್ದು.

ನನ್ನ ಕೇಳಿದ್ರೆ ತೊಳೆದ ದಪ್ಪ ಮರಳೂ ಕೋಕೋಪೀಟೂ (ತೆಂಗಿನ ನಾರಿನ ಪುಡಿ) ಅರ್ಧ ಅರ್ಧ, ಪರ್ಲೈಟ್ (ಹಗುರವಾಗಿರೋ ಬಿಳಿ ಹರಳು) ಇದ್ರೆ ಮರಳಿನ ಬದಲು ಅದು. ಗೊಬ್ಬರ ಬೇಡವೇ ಬೇಡ, ಬೇರೇ ಇಲ್ದಿರೋ ಕಡ್ಡಿಗೆ ಗೊಬ್ಬರ ಹಾಕಿ ಯಾರಿಗೆ ಊಟ? ಬೇರು ಹುಟ್ಟೋಕೆ ಗಾಳಿ ಬೇಕು, ಜಿಗುಟು ಮಣ್ಣಲ್ಲಿ ನೀರು ನಿಂತ್ರೆ ಗಾಳಿ ಆಡಲ್ಲ. ಮಿಶ್ರಣ ಒಂದು ಹಿಡಿ ತಗೊಂಡು ಬಿಗಿಯಾಗಿ ಹಿಂಡಿ, ಬೆರಳ ಸಂದಿಲಿ ಒಂದೋ ಎರಡೋ ಹನಿ ಬಂದ್ರೆ ಹದ, ಧಾರೆ ಬಂದ್ರೆ ಜಾಸ್ತಿ. ಮೊದ್ಲು ಪೆನ್ನಲ್ಲೋ ಕಡ್ಡಿಲೋ ತೂತು ಮಾಡಿ ಆಮೇಲೆ ಕಟಿಂಗ್ ಇಳಿಸಿ, ಹಂಗೇ ಚುಚ್ಚಿದ್ರೆ ಪೌಡರ್ ಎಲ್ಲ ಮೇಲೇ ಒರೆಸ್ಕೊಂಡು ಹೋಗತ್ತೆ.

—

ಪೌಡರ್ ವಿಷ್ಯ ನಾನು ಹೇಳ್ತೀನಿ. ಹಾಕ್ಲೇಬೇಕು ಅಂತಿಲ್ಲ, ದಾಸವಾಳ ಅದಿಲ್ದೆನೂ ಬಿಡತ್ತೆ, ಗುಲಾಬಿಗೆ ಹಾಕಿದ್ರೆ ಒಳ್ಳೇದು. ಅದ್ರಲ್ಲಿರೋದು ಸಾಮಾನ್ಯವಾಗಿ ಐಬಿಎ, ಅಂದ್ರೆ ಇಂಡೋಲ್ ಬ್ಯುಟಿರಿಕ್ ಆಸಿಡ್. ಮೆತ್ತಗಿರೋ ಕುಡಿಗೆ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 1000 ಭಾಗ), ಅರೆಬಲಿತ ಕಡ್ಡಿಗೆ 3000, ಗಟ್ಟಿ ಕಡ್ಡಿಗೆ 8000 ಹತ್ರ ಬಳಸ್ತಾರೆ, ಡಬ್ಬಿ ಮೇಲೆ ನೋಡಿ ತಗೊಳ್ಳಿ. ಜಾಸ್ತಿ ಹಾಕಿದ್ರೆ ಜಾಸ್ತಿ ಬೇರು ಅನ್ಕೋಬೇಡಿ, ಅತಿಯಾದ್ರೆ ಬುಡ ಸುಟ್ಟಂಗಾಗತ್ತೆ. ಸ್ವಲ್ಪ ಬೇರೆ ಪ್ಲೇಟಿಗೆ ಹಾಕ್ಕೊಂಡು ಒದ್ದೆ ತುದಿ ಅದ್ದಿ ಕೊಡವಿ, ಒದ್ದೆ ಕಡ್ಡಿನ ಡಬ್ಬಿಗೇ ಅದ್ದಿದ್ರೆ ಇಡೀ ಡಬ್ಬಿ ಹಾಳು. ಜೇನು, ಚಕ್ಕೆ ಪುಡಿ ಅಂತೆಲ್ಲ ಹೇಳ್ತಾರೆ, ಬೂಷ್ಟು ತಡೆಯೋಕೆ ಒಂಚೂರು ಆಗ್ಬಹುದು, ಐಬಿಎ ಮಾಡೋ ಕೆಲ್ಸ ಅವು ಮಾಡಲ್ಲ.

—

ತುಂಬಾ ಥ್ಯಾಂಕ್ಸ್ ಎಲ್ಲರಿಗೂ! ಒಂದು ಡೌಟು, ಚಿಗುರು ನಂಬ್ಬಾರ್ದು ಅಂದ್ರೆ ಬೇರು ಬಂದಿದೆ ಅಂತ ಕೀಳ್ದೆ ತಿಳ್ಕೊಳ್ಳೋದು ಹೆಂಗೆ? ನಂಗೆ ದಿನಾ ಎತ್ತಿ ನೋಡ್ಬೇಕು ಅನ್ಸತ್ತೆ 🙈

—

ಆ ಕೈ ಕಟ್ಟಾಕಿ ಮೊದ್ಲು 😄 ಆಗ ತಾನೇ ಒಡೆದ ಬೇರಿನ ತುದಿ ಒಂದ್ಸಲ ಎತ್ತಿದ್ರೆ ಮುರಿಯತ್ತೆ. ಪಾರದರ್ಶಕ ಲೋಟದ ತಳಕ್ಕೆ ತೂತು ಮಾಡಿ ಅದ್ರಲ್ಲಿ ನೆಡಿ, ಆ ಲೋಟನ ಬೆಳಕು ಹೋಗದಿರೋ ಇನ್ನೊಂದು ಲೋಟದೊಳಗೆ ಕೂರಿಸಿ. ನೋಡ್ಬೇಕು ಅನ್ಸಿದಾಗ ಹೊರಗಿನ ಲೋಟ ಮಾತ್ರ ತೆಗೀರಿ, ಬೇರು ಬಂದಿದ್ರೆ ಗೋಡೆಗೆ ಅಂಟ್ಕೊಂಡು ಬೆಳ್ಳಗೆ ದಾರದ ಎಳೆ ತರ ಓಡಾಡಿರತ್ತೆ, ಹತ್ರದಿಂದ ನೋಡಿದ್ರೆ ತುದಿ ಬಿಟ್ಟು ಸ್ವಲ್ಪ ಹಿಂದೆ ನವಿರು ನವಿರಾಗಿ ರೋಮಾನೂ ಕಾಣತ್ತೆ. ಬಣ್ಣ ಕಂದು ಆಗಿ ಮೆತ್ತಗಿದ್ರೆ ಕೊಳೀತಿದೆ ಅಂತ. ಲೋಟ ಇಲ್ಲಾಂದ್ರೆ ಎರಡು ಬೆರಳಲ್ಲಿ ಹಗೂರಕ್ಕೆ ಎಳೀರಿ, ಹಿಡ್ಕೊಂಡಂಗೆ ಅನ್ಸಿದ್ರೆ ಬಂದಿದೆ, ಜಾರಿದ್ರೆ ಬಿಟ್ಬಿಡಿ. ಕಡ್ಡಿ ಬದುಕಿದ್ಯಾ ಅನ್ನೋ ಅನುಮಾನ ಬಂದ್ರೆ ಉಗುರಲ್ಲಿ ತೊಗಟೆ ಒಂಚೂರು ಕೆರೆದು ನೋಡಿ, ಒಳಗೆ ಹಸಿರಿದ್ರೆ ಕಾಯ್ಬಹುದು. ಕೋಲಿಯಸ್ ಒಂದೆರಡು ವಾರ, ದಾಸವಾಳ ನಾಲ್ಕರಿಂದ ಎಂಟು, ಗುಲಾಬಿಗೂ ಹೆಚ್ಚುಕಮ್ಮಿ ಅಷ್ಟೇ ಹಿಡಿಯತ್ತೆ, ಚಳಿ ಇದ್ರೆ ಇನ್ನೂ ನಿಧಾನ. ಬುಡ 20 ರಿಂದ 25 ಡಿಗ್ರಿ ಬೆಚ್ಚಗಿದ್ರೆ ಚೆನ್ನ.

—

ಬೇರು ಬಂದ್ಮೇಲೆ ಕವರ್ ಒಂದೇ ಸಲ ಕಿತ್ತಾಕ್ಬೇಡಿ ಮತ್ತೆ, ಸುಮಾರು ಗಿಡ ಹೋಗೋದು ಆಗ್ಲೇ. ಮೊದ್ಲ ದಿನ ಒಂದು ಗಂಟೆ ತೆಗೆದು ಮುಚ್ಚಿ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ತಾ ವಾರ ಹತ್ತು ದಿನದಲ್ಲಿ ಪೂರ್ತಿ ತೆಗೀರಿ. ಪಾಟಿಗೆ ಬದ್ಲಾಯಿಸೋವಾಗ ಬೇರಿನ ಸುತ್ತ ಇರೋ ಮಿಶ್ರಣ ಕೊಡವ್ಬೇಡಿ, ಹಂಗೇ ಇಳಿಸಿ. ಪಾಟು ಚಿಕ್ಕದೇ ಇರ್ಲಿ, ದೊಡ್ಡದ್ರಲ್ಲಿ ಮಣ್ಣು ಬೇಗ ಆರಲ್ಲ. ಹೊಸ ಎಲೆ ಗಟ್ಟಿಯಾಗಿ ನಿಂತ್ಮೇಲೆ ತೆಳುವಾಗಿ ಗೊಬ್ಬರ ಶುರು ಮಾಡಿ, ಮೊದ್ಲು ಬರೋ ಮೊಗ್ಗು ಮನಸ್ಸಿಲ್ದಿದ್ರೂ ಚಿವುಟಿ ಹಾಕಿ.