ಏತ ನೀರಾವರಿ ಯೋಜನೆ: ಪರಿಸರ ಆಲಿಕೆಗೆ ಬಡಾವಣೆಯವರೆಲ್ಲ ಬನ್ನಿ

ಮನೆ 14, ಕಾರಟಗಿ: ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆ ಹಿಂದಿನ ಎತ್ತರದ ಹೊಲಗಳಿಗೆ ನೀರು ಕೊಡುವ ಯೋಜನೆಯಿಂದ ಪರಿಸರಕ್ಕೆ ಏನಾಗುತ್ತೆ ಅಂತ ಜನರ ಅಭಿಪ್ರಾಯ ಕೇಳುವ ಸಭೆಯ, ಅಂದರೆ ಆಲಿಕೆಯ, ನೋಟಿಸು ಪೇಪರಿನಲ್ಲಿ ಬಂದಿದೆ. ಪರಿಸರ ಪರಿಣಾಮದ ಅಧ್ಯಯನ ಕುರಿತ 2006ರ ಕೇಂದ್ರ ಸರ್ಕಾರದ ಅಧಿಸೂಚನೆ ಪ್ರಕಾರ ಕನಿಷ್ಠ 30 ದಿನ ಮೊದಲೇ ತಿಳಿಸಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿದೆ, ಕನ್ನಡ ಸಾರಾಂಶವೂ ಇದೆ. ಇವತ್ತು ಕೊಪ್ಪಳಕ್ಕೆ ಹೋಗಿ ಓದಿ ಬಂದೆ. ಅಂತರ್ಜಲ ಅಳೆದಿರೋದು ಮೇ ತಿಂಗಳಲ್ಲಿ ಮಾತ್ರ!

ಮನೆ 22: ಮೇನಲ್ಲಿ ಕೆನಾಲ್ ಬಂದ್ ಇರುತ್ತಲ್ಲ ಅಣ್ಣಾ? ಆಗ ಬಾವಿ ನೀರೂ ಕೆಳಗಿಳಿದಿರುತ್ತೆ. ಭತ್ತ ನಿಂತಾಗ ಬಂದು ನೋಡಲಿ. ನಮ್ಮ ಅಡುಗೆಮನೆ ಗೋಡೆಗೆ ಮೊಣಕಾಲೆತ್ತರಕ್ಕೆ ಬಿಳಿ ಉಪ್ಪು ಹಿಡಿದಿದೆ. ಕೈ ಇಟ್ಟರೆ ಗಿಲಾವು ಪುಡಿಪುಡಿ ಉದುರುತ್ತೆ.

ಮನೆ 9: ಅದು ಸವುಳು ತಮ್ಮಾ. ತುಂಗಭದ್ರಾ ಎಡದಂಡೆ ಕಾಲುವೆ ಕಟ್ಟುವಾಗ ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ ಲೆಕ್ಕ ಹಾಕಿದ್ದರು. ಮೇಲ್ಭಾಗದಲ್ಲಿ ನಾವೆಲ್ಲ ಭತ್ತಕ್ಕೆ ಬಿದ್ದೆವು. ನಮ್ಮದು ಎರಿ ನೆಲ, ನೀರು ಬೇಗ ಬಸಿಯಲ್ಲ. ಒಳಗಿನ ನೀರು ಮೇಲೇರಿ ಬಿಸಿಲಿಗೆ ಆರುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ಹೊಲಕ್ಕೂ ಅಷ್ಟೇ, ಗೋಡೆಗೂ ಅಷ್ಟೇ. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ನೆಲದಡಿ ತೂತಿನ ಪೈಪ್ ಹಾಕಿ ಬಸಿ ನೀರು ಹೊರಗೆ ಬಿಡಬೇಕು. ಹೊಸ ಯೋಜನೆಯಲ್ಲಿ ಬಸಿಗಾಲುವೆ ಎಲ್ಲಿ ತೋರಿಸಿದ್ದಾರೆ?

ಮನೆ 14: ಹುಡುಕಿದೆ ಕಾಕಾ. ಒಂದೇ ಸಾಲು, 'ಅಗತ್ಯವಿದ್ದಲ್ಲಿ ಮಾಡಲಾಗುವುದು' ಅಂತ. ಮೇಲಿನ ಹೊಲದ ನೀರು ಇಳಿಯೋದು ನಮ್ಮ ಕಡೆಗೇ ಅಲ್ವಾ?

ಮನೆ 31: ದಯವಿಟ್ಟು ವಿರೋಧ ಅಂತ ಮಾತ್ರ ಬರೆಯಬೇಡಿ. ಆ ಹೊಲದವರು ಮಳೆ ನಂಬಿಕೊಂಡು ಕೂತಿದ್ದಾರೆ. ನನ್ನ ತವರು ಮಾನ್ವಿ ಕಡೆ, ಕಾಲುವೆ ಕೊನೆಭಾಗ. ನೀರಿಲ್ಲದ ಕಷ್ಟ ಏನಂತ ನನಗೆ ಗೊತ್ತು.

ಮನೆ 14: ಖಂಡಿತ ಅಕ್ಕಾ, ಅವರಿಗೆ ನೀರು ಸಿಗಲೇಬೇಕು. ನಾವು ಕೇಳೋದು ಇಷ್ಟೇ. ಕೆನಾಲ್ ಹರಿಯುವಾಗಲೂ ಅಂತರ್ಜಲ ಅಳೆಯಲಿ. ಬಸಿಗಾಲುವೆ ಖರ್ಚು ಈಗಲೇ ಯೋಜನೆಯ ಅಂದಾಜಿಗೆ ಸೇರಿಸಲಿ. ಇದನ್ನು ಬರವಣಿಗೆಯಲ್ಲಿ ಕೊಟ್ಟು, ಸಭೆಯಲ್ಲೂ ಹೇಳೋಣ. ಅಲ್ಲಿ ವಿಡಿಯೋ ಮಾಡುತ್ತಾರೆ. ಕೊನೆಗೆ ನಡಾವಳಿಯನ್ನು ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು ಅಂತ ನಿಯಮ ಇದೆ. ಅದಕ್ಕೇ ಅರ್ಧಕ್ಕೆ ಎದ್ದು ಬರಬೇಡಿ. ನಮ್ಮ ಮಾತು ಬಿಟ್ಟಿದ್ದರೆ ತಕ್ಷಣ ಎದ್ದು ಹೇಳಬೇಕು.

ಮನೆ 22: ಈಗ ಕೆನಾಲ್ ತುಂಬಿ ಹರೀತಿದೆ. ಭಾನುವಾರ ಬೆಳಿಗ್ಗೆ 7ಕ್ಕೆ ಬಾವಿ ಇರುವ ಮನೆಗಳಲ್ಲೆಲ್ಲ ನೀರಿನ ಆಳ ಅಳೆಯೋಣ. ಅರ್ಜಿ ಜೊತೆ ತಾರೀಕು ಹಾಕಿದ ಫೋಟೋ ಇಡೋಣ.

ಮನೆ 31: ನಮ್ಮ ಬಾವಿಯಿಂದಲೇ ಶುರು ಮಾಡಿ. ಉದ್ದದ ಟೇಪ್ ನನ್ನ ಹತ್ತಿರ ಇದೆ.