ಸಹಾಯ ಬೇಕು: ಎಂಜಿನ್‌ಎಕ್ಸ್ (nginx) ವೆಬ್ ಸರ್ವರ್‌ನಲ್ಲಿ ಫೋಟೋಗಳಿಗೆ ಮಾತ್ರ 404 (ಫೈಲ್ ಸಿಗಲಿಲ್ಲ) ಎರರ್

ನಮಸ್ಕಾರ. ಚಿಕ್ಕಮಗಳೂರಿನ ಹತ್ರ ನಮ್ಮದೊಂದು ಹೋಂಸ್ಟೇ ಇದೆ, ಅದರ ಸೈಟ್ ನಾನೇ ನೋಡ್ಕೊಳ್ತೀನಿ. ಪಿಎಚ್‌ಪಿ ಪುಟಗಳೆಲ್ಲ ಚೆನ್ನಾಗಿ ಬರ್ತಿವೆ. ತೋಟದ್ದು, ಮುಳ್ಳಯ್ಯನಗಿರಿದು ಫೋಟೋಗಳೆಲ್ಲ ಬೇರೆ ಡಿಸ್ಕಲ್ಲಿವೆ. ಅದಕ್ಕೇ ಸರ್ವರ್ ಕಾನ್ಫಿಗ್‌ನಲ್ಲಿ 'ಫೋಟೋಸ್' ಲೊಕೇಶನ್‌ಗೆ (ಆ ವಿಳಾಸದ ನಿಯಮಕ್ಕೆ) ಅಲಿಯಾಸ್, ಅಂದ್ರೆ ಆ ಡಿಸ್ಕಿನ ಫೋಲ್ಡರ್ ದಾರಿ, ಕೊಟ್ಟಿದೀನಿ. ಆ ಫೋಲ್ಡರಲ್ಲಿರೋ ಪಿಡಿಎಫ್ ತೆರೆಯುತ್ತೆ, ಜೆಪಿಜಿ ಮಾತ್ರ 404! ಪರ್ಮಿಶನ್ ನೋಡಿದೆ, ಕ್ಯಾಶೆ ಅಳಿಸಿದೆ, ರೀಲೋಡ್ ಮಾಡಿದೆ, ಏನೂ ಆಗ್ಲಿಲ್ಲ. ಎರರ್ ಲಾಗ್ ಪ್ರಕಾರ ಸರ್ವರ್ ಜೆಪಿಜಿನ ಸೈಟಿನ ರೂಟ್ ಫೋಲ್ಡರಲ್ಲಿ ಹುಡುಕ್ತಿದೆ, ಅಲಿಯಾಸ್ ಕಡೆ ಹೋಗ್ತಾನೇ ಇಲ್ಲ. ಕಾನ್ಫಿಗ್‌ನಲ್ಲಿ ಕೆಳಗೆ, ಜೆಪಿಜಿ-ಪಿಎನ್‌ಜಿಗೆ ಕ್ಯಾಶೆ ಅವಧಿ ಹಾಕೋ ರೆಜೆಕ್ಸ್ (ವಿಳಾಸವನ್ನ ಒಂದು ಮಾದರಿಗೆ ಹೋಲಿಸೋ) ಲೊಕೇಶನ್ ಒಂದಿದೆ. ಗೊಂದಲ ಇಲ್ಲೇ: ಪ್ರಿಫಿಕ್ಸ್ (ವಿಳಾಸದ ಶುರು ಮಾತ್ರ ನೋಡೋ 'ಫೋಟೋಸ್' ಲೊಕೇಶನ್) ಮೇಲಿದ್ರೂ ಕೆಳಗಿನ ರೆಜೆಕ್ಸೇ ಗೆಲ್ಲುತ್ತಾ? ಫೋಟೋ ಕಾಣದೆ ಜನ ರೂಮ್ ಬುಕ್ ಮಾಡಲ್ಲ, ಅದೇ ಚಿಂತೆ.

ತಿಳಿದೋರು ದಯವಿಟ್ಟು ಹೇಳಿ: 'ಫೋಟೋಸ್' ಲೊಕೇಶನ್‌ಗೆ ^~ (ರೆಜೆಕ್ಸ್ ನೋಡಬೇಡ ಅನ್ನೋ ಗುರುತು) ಸೇರಿಸಿದ್ರೆ ಸಾಕಾ, ಇಲ್ಲಾ ಆ ರೆಜೆಕ್ಸ್ ಬ್ಲಾಕನ್ನೇ ತೆಗೀಬೇಕಾ?