ತ್ರೀಡಿ ಸ್ಕ್ಯಾನ್ ಮಾಡಿಸ್ಬೇಕಾ ಬೇಡ್ವಾ? ಮಾಡಿಸಿದವ್ರು ಸ್ವಲ್ಪ ಹೇಳಿ

ಕೇಳ್ತಿರೋಳು:
ಎಲ್ಲರಿಗೂ ನಮಸ್ಕಾರ. ನಂಗೀಗ 24 ವಾರ, ಮೊದಲನೇ ಮಗು. 20ನೇ ವಾರದ ಅನಾಮಲಿ ಸ್ಕ್ಯಾನ್ (ಮಗೂದು ಅಂಗಾಂಗ ಎಲ್ಲ ಸರಿ ಇದ್ಯಾ ಅಂತ ನೋಡೋದು) ಆಯ್ತು, ರಿಪೋರ್ಟ್ ನಾರ್ಮಲ್, ಮಾಸು ಮುಂದಗಡೆ ಇದೆ ಅಂತ ಬರ್ದಿದಾರೆ ಅಷ್ಟೇ. ಮೊನ್ನೆ ಫ್ರೆಂಡ್ ಒಬ್ಳು ಅವಳ ಮಗೂದು ತ್ರೀಡಿ ಫೋಟೋ ಕಳಿಸಿದ್ಲು, ಮೂಗು ತುಟಿ ಎಲ್ಲ ಕೆತ್ತಿಟ್ಟ ಹಾಗಿದೆ, ಅದನ್ನ ನೋಡಿದಾಗಿಂದ ನಂಗೂ ಆಸೆ ಹತ್ಕೊಂಡಿದೆ. ನಮ್ಮತ್ತೆ ಮಾತ್ರ "ಸುಮ್‌ಸುಮ್ನೆ ಮಗೂಗೆ ಕರೆಂಟ್ ಹಿಡಿಸ್ಬೇಡ" ಅಂತ ಕೂತಿದಾರೆ. ನಮ್ಮನೆಯವ್ರು ಆ ಕಡೆನೂ ಇಲ್ಲ ಈ ಕಡೆನೂ ಇಲ್ಲ. ಇದು ನಿಜವಾಗ್ಲೂ ಬೇಕಾ, ಯಾವ ವಾರದಲ್ಲಿ ಹೋದ್ರೆ ಚೆನ್ನಾಗಿ ಕಾಣುತ್ತೆ, ಮಾಸು ಮುಂದಿದ್ರೆ ಮುಖ ಸಿಗುತ್ತಾ, ತೊಂದ್ರೆ ಏನಾದ್ರೂ ಇದ್ಯಾ, ಗೊತ್ತಿರೋರು ಹೇಳಿ ಪ್ಲೀಸ್.

ಇಬ್ಬರ ಅಮ್ಮ:
ನಂಗೆ ಎರಡೂ ಥರದ ಅನುಭವ ಆಗಿದೆ ಕಣಮ್ಮ. ದೊಡ್ಡವಳದ್ದು 28ನೇ ವಾರದಲ್ಲಿ ಮಾಡಿಸ್ದೆ, ಮಲಗಿ ಐದು ನಿಮಿಷ ಆಗಿರ್ಲಿಲ್ಲ, ಮುಖ ಬಂತು, ಆಕಳಿಸಿದ್ದೂ ಕಾಣಿಸ್ತು, ನಾನು ಇದೇನ್ ಮಹಾ ಸುಲಭ ಅಂದ್ಕೊಂಡೆ. ಚಿಕ್ಕವನ ಸಲ ಮೂರು ಸತಿ ಹೋದೆ. ಮೊದಲನೇ ಸಲ ಬೆನ್ನು, ಎರಡನೇ ಸಲ ಎರಡೂ ಕೈ ಮುಖದ ಮೇಲೆ, ಮೂರನೇ ಸಲ 32 ವಾರ ಆಗೋಗಿತ್ತು, ಹಣೆ ಒಂದು ಕಣ್ಣು ಬಂತು, ಉಳಿದಿದ್ದು ಮೇಣ ಕರಗಿ ಇಳಿದ ಹಾಗೆ. ಮೂಗಂತೂ ಅಗಲಕ್ಕೆ ಒತ್ತಿ ಹೋಗಿತ್ತು, ಮನೆಗೆ ಬಂದು ಅತ್ತುಬಿಟ್ಟೆ, ಮಗೂಗೆ ಏನೋ ಆಗಿದೆ ಅಂತ. ಹುಟ್ಟಿದ ಮೇಲೆ ನೋಡಿದ್ರೆ ಆ ಫೋಟೋಗೂ ಇವನಿಗೂ ಸಂಬಂಧನೇ ಇಲ್ಲ, ಗರ್ಭಕೋಶದ ಗೋಡೆಗೆ ಮುಖ ಒತ್ಕೊಂಡು ಮಲಗಿದ್ದ ಅಷ್ಟೇ. ಹೋಗು, ಬೇಡ ಅನ್ನಲ್ಲ, ಆದ್ರೆ ಫ್ರೆಂಡ್ ಫೋಟೋನ ತಲೇಲಿಟ್ಕೊಂಡು ಹೋಗ್ಬೇಡ.

ಸ್ಕ್ಯಾನ್ ರೂಮಿಂದ:
ನಾನು ಸ್ಕ್ಯಾನ್ ಮಾಡೋ ಕೆಲಸದಲ್ಲೇ ಇರೋಳು, 11 ವರ್ಷ ಆಯ್ತು. ಮೊದ್ಲು ನಿಮ್ಮತ್ತೆಯವ್ರ ಭಯದ ವಿಷ್ಯ ಹೇಳ್ತೀನಿ. ಇದು ಕರೆಂಟೂ ಅಲ್ಲ ಎಕ್ಸ್‌ರೇನೂ ಅಲ್ಲ, ಅಲ್ಟ್ರಾಸೌಂಡ್, ಅಂದ್ರೆ ಬರೀ ಶಬ್ದ. ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನದವರೆಗೆ ಕೇಳ್ಸುತ್ತೆ, ಹೊಟ್ಟೆ ಮೇಲಿಡೋ ಪ್ರೋಬ್ ಸೆಕೆಂಡಿಗೆ ಹತ್ತಿರ ಹತ್ತಿರ 20 ಲಕ್ಷದಿಂದ 80 ಲಕ್ಷ ಕಂಪನದ ಶಬ್ದ ಬಿಡುತ್ತೆ, ಅದು ಒಳಗೆ ತಾಗಿ ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು ಅನ್ನೋದರ ಮೇಲೆ ಎಷ್ಟು ಆಳದಲ್ಲಿದೆ ಅಂತ ಮೆಷಿನ್ ಲೆಕ್ಕ ಹಾಕುತ್ತೆ. ಮೈಯ ಮೆತ್ತನೆ ಭಾಗದಲ್ಲಿ ಶಬ್ದ ಸೆಕೆಂಡಿಗೆ 1540 ಮೀಟರ್ ಹೋಗುತ್ತೆ ಅಂತ ಲೆಕ್ಕ ಇಟ್ಕೊಂಡಿರ್ತಾರೆ. ಜೆಲ್ ಹಚ್ಚೋದು ಯಾಕೆ ಅಂದ್ರೆ ಮಧ್ಯೆ ಗಾಳಿ ಇದ್ರೆ ಶಬ್ದ ಅಲ್ಲೇ ತಿರುಗಿಬಿಡುತ್ತೆ, ಒಳಗೆ ಹೋಗೋದೇ ಇಲ್ಲ.

ಹಂಗಂತ ಅತ್ತೆಯವ್ರು ಹೇಳಿದ್ದು ಪೂರ್ತಿ ತಳ್ಳಿಹಾಕೋ ಮಾತೂ ಅಲ್ಲ ನೋಡಿ. ಶಬ್ದ ಮೈಯೊಳಗೆ ಹೋದ್ರೆ ಒಂಚೂರು ಬಿಸಿ ಆಗ್ಬಹುದು. ಅದಕ್ಕೇ ಸ್ಕ್ರೀನ್ ಮೂಲೇಲಿ ಟಿಐ, ಎಂಐ ಅಂತ ಎರಡು ನಂಬರ್ ಇರುತ್ತೆ, ಟಿಐ ಬಿಸಿ ಆಗೋ ಸಾಧ್ಯತೆಗೆ, ಎಂಐ ಒತ್ತಡದಿಂದ ಆಗೋ ಪರಿಣಾಮಕ್ಕೆ. ನಾವು ಅದನ್ನ ಆದಷ್ಟು ಕೆಳಗೆ ಇಟ್ಕೊಂಡು, ಆದಷ್ಟು ಬೇಗ ಮುಗಿಸ್ಬೇಕು ಅಂತ್ಲೇ ಕಲ್ತಿರೋದು. ತ್ರೀಡಿ ಬಟನ್ ಒತ್ತಿದ ಮಾತ್ರಕ್ಕೆ ಶಕ್ತಿ ದುಪ್ಪಟ್ಟು ಆಗಲ್ಲ, ಅದೇ ಟೂಡಿ, ಅಂದ್ರೆ ಮಾಮೂಲಿ ಚಪ್ಪಟೆ ಚಿತ್ರದ ಸ್ಕ್ಯಾನಿನ ಕಿರಣಗಳನ್ನೇ ಸಾಲಾಗಿ ಬೀಸೋದು. ಜಾಸ್ತಿ ಆಗೋದು ಟೈಮು. ಮುಖ ಸಿಗ್ಲಿಲ್ಲ, ಇನ್ನೊಂದ್ ಸತಿ, ಇನ್ನೊಂದ್ ಸತಿ ಅಂತ ಮುಕ್ಕಾಲು ಗಂಟೆ ಪ್ರೋಬ್ ಇಟ್ಕೊಂಡು ಕೂರ್ತೀವಲ್ಲ, ಅದು ಸರಿಯಲ್ಲ. ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಮೆಷಿನ್‌ಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ ಬರೀ ನೆನಪಿಗೆ ಅಂತ, ವೈದ್ಯಕೀಯ ಕಾರಣ ಇಲ್ಲದೆ ಫೋಟೋ ವಿಡಿಯೋ ತೆಗೆಸ್ಬೇಡಿ ಅಂತ್ಲೇ ಹೇಳೋದು. ಮಗೂಗೆ ಹಾನಿ ಆಗಿದೆ ಅಂತ ಸಾಬೀತಾಗಿಲ್ಲ, ಆದ್ರೂ ಸುಮ್ನೆ ಯಾಕೆ ಅನ್ನೋ ಎಚ್ಚರಿಕೆ. ನನ್ನ ಅಭಿಪ್ರಾಯ ಕೇಳಿದ್ರೆ, ಬೆಳವಣಿಗೆ ನೋಡೋಕೆ ಅಂತ ಡಾಕ್ಟರ್ ಮುಂದೆ ಒಂದು ಸ್ಕ್ಯಾನ್ ಬರೆದ್ರೆ ಅದರಲ್ಲೇ ಎರಡು ನಿಮಿಷ ಮುಖ ತೋರಿಸಿ ಅಂತ ಕೇಳಿ, ಅದಕ್ಕೇ ಅಂತ ಬೇರೆ ಹೋಗ್ಬೇಡಿ.

ಈಗ ಮುಖ ಯಾಕೆ ಕೆಲವರಿಗೆ ಸಿಗುತ್ತೆ ಕೆಲವರಿಗೆ ಇಲ್ಲ ಅಂತ. ತ್ರೀಡಿ ಪ್ರೋಬ್ ಒಳಗೆ ಒಂದು ಪುಟ್ಟ ಮೋಟಾರ್ ಇರುತ್ತೆ, ಕೈಲಿ ಹಿಡ್ಕೊಂಡ್ರೆ ಗುಂಯ್ ಅನ್ನೋದು ಗೊತ್ತಾಗುತ್ತೆ. ಅದು ಒಳಗಿರೋ, ಶಬ್ದ ಬಿಡೋ ಹರಳುಗಳ ಸಾಲನ್ನ ಬೀಸಣಿಗೆ ಥರ ಆಡ್ಸುತ್ತೆ, ಒಂದೊಂದು ಕೋನದಲ್ಲೂ ಒಂದೊಂದು ಟೂಡಿ ಹಾಳೆ, ಎಲ್ಲ ಹಾಳೆ ಜೋಡಿಸಿದ್ರೆ ಒಂದು ಗಟ್ಟಿ, ಅದನ್ನ ವಾಲ್ಯೂಮ್ ಅಂತೀವಿ. ಬೀಸೋ ಹೊತ್ತಲ್ಲಿ ಮಗು ಅಲ್ಲಾಡಿದ್ರೆ ಹಾಳೆಗಳು ಒಂದಕ್ಕೊಂದು ಕೂರಲ್ಲ, ಮೂಗು ಸೊಟ್ಟ, ಆರು ಬೆರಳು, ಏನ್ ಬೇಕಾದ್ರೂ ಬರುತ್ತೆ. ಆಮೇಲೆ ಕಂಪ್ಯೂಟರ್ ಆ ಗಟ್ಟಿಯೊಳಗೆ ಕಪ್ಪು ಎಲ್ಲಿ ಮುಗಿದು ಬಿಳುಪು ಎಲ್ಲಿ ಶುರುವಾಗುತ್ತೆ ಅಂತ ಹುಡುಕುತ್ತೆ. ಕಪ್ಪು ಅಂದ್ರೆ ಮಗು ಸುತ್ತ ಇರೋ ನೀರು, ಬಿಳುಪು ಚರ್ಮ. ಆ ಗಡಿನೇ ನಿಮಗೆ ಮುಖ ಆಗಿ ಕಾಣೋದು. ಮುಖದ ಮುಂದೆ ನೀರೇ ಇಲ್ಲ ಅಂದ್ರೆ ಗಡಿ ಇಲ್ಲ, ಗಡಿ ಇಲ್ಲ ಅಂದ್ರೆ ಮುಖ ಇಲ್ಲ, ಎಷ್ಟೇ ಒಳ್ಳೆ ಮೆಷಿನ್ ಇರಲಿ. ಮೇಲಿನ ಅಕ್ಕಂಗೆ 32ರಲ್ಲಿ ಆಗಿದ್ದೂ ಅದೇ.

ನಿಮ್ಮ ಮಾಸು ಮುಂದಿದೆ ಅಂದ್ರಲ್ಲ, ಅದೊಂದೇ ಕಾರಣಕ್ಕೆ ಸಿಗಲ್ಲ ಅಂತೇನಿಲ್ಲ. ಮಾಸಿಗೂ ಮುಖಕ್ಕೂ ಮಧ್ಯೆ ಒಂದು ಬೆರಳಷ್ಟು ನೀರಿದ್ರೆ ಸಾಕು. 26ರಿಂದ 30 ವಾರ ಒಳ್ಳೇದು, ಅದಕ್ಕೆ ಮುಂಚೆ ಕೆನ್ನೇಲಿ ಕೊಬ್ಬು ತುಂಬಿರಲ್ಲ, ಮುಖ ಒಣಕಲಾಗಿ ಕಾಣುತ್ತೆ, ಆಮೇಲೆ ಜಾಗ ಇಕ್ಕಟ್ಟು. ಮಗು ತಿರುಗದೇ ಇದ್ರೆ ಎದ್ದು ಸ್ವಲ್ಪ ಓಡಾಡಿ, ಮಗ್ಗುಲು ಬದಲಿಸಿ, ಅಷ್ಟೇ ಉಪಾಯ.

ಕೇಳ್ತಿರೋಳು:
ಅಯ್ಯೋ ಇಷ್ಟೆಲ್ಲ ಇದ್ಯಾ! ಅಕ್ಕ ಒಂದು ಡೌಟು, ಫ್ರೆಂಡ್ ಫೋಟೋಲಿ ಮಗು ಒಳ್ಳೆ ಜೇನು ಬಣ್ಣ ಇತ್ತು, ಅದು ಮಗೂದೇ ಬಣ್ಣನಾ?

ಸ್ಕ್ಯಾನ್ ರೂಮಿಂದ:
ಅಲ್ಲಮ್ಮ 😄 ಶಬ್ದಕ್ಕೆ ಬಣ್ಣ ಎಲ್ಲಿಂದ ಬರ್ಬೇಕು. ಮೆಷಿನ್ನಲ್ಲಿ ಬಣ್ಣ ಆರಿಸ್ಕೋಬಹುದು, ಜೇನು, ಗುಲಾಬಿ, ಬೂದು. ದೀಪ ಯಾವ ಕಡೆಯಿಂದ ಬಿದ್ದ ಹಾಗೆ ಕಾಣ್ಬೇಕು ಅನ್ನೋದೂ ನಮ್ಮ ಕೈಲೇ ಇರೋದು. ಅಲ್ಲಿ ದೀಪನೂ ಇಲ್ಲ ನೆರಳೂ ಇಲ್ಲ, ಎಲ್ಲ ಲೆಕ್ಕ.

ಒಂದು ವಾರ ನಿದ್ದೆಗೆಟ್ಟೋಳು:
ಇದನ್ನ ಓದಿ ನಾನೂ ಬರೀಲೇಬೇಕು ಅನ್ನಿಸ್ತು. ನಾನು ಡಾಕ್ಟರ್ ಹೇಳದೇನೇ ನೆನಪಿಗೆ ಅಂತ ಒಂದು ಕಡೆ ಹೋಗಿದ್ದೆ, 27 ವಾರ. ಫೋಟೋಲಿ ಮೇಲ್ತುಟಿ ಮಧ್ಯೆ ಒಂದು ಸೀಳಿದ ಹಾಗೆ ಇತ್ತು. ಅಲ್ಲಿದ್ದ ಹುಡುಗಿ ಏನೂ ಮಾತಾಡ್ಲಿಲ್ಲ, ಕೇಳಿದ್ರೆ "ನಾವು ರಿಪೋರ್ಟ್ ಕೊಡಲ್ಲ, ನಿಮ್ಮ ಡಾಕ್ಟರ್‌ನ ಕೇಳಿ" ಅಂದ್ಲು. ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಒಂದು ವಾರ ಬಿಟ್ಟು. ಆ ಒಂದು ವಾರ ನಾನೂ ನಮ್ಮೆಜಮಾನ್ರೂ ಒಬ್ಬರ ಮುಖ ಒಬ್ಬರು ನೋಡ್ಕೊಳ್ಳೋಕೆ ಆಗ್ತಿರ್ಲಿಲ್ಲ. ಡಾಕ್ಟರು ಟೂಡಿಲಿ ಅಡ್ಡ ಉದ್ದ ಎಲ್ಲ ನೋಡಿ ತುಟಿ ಪೂರ್ತಿ ಇದೆ ಅಂದ್ರು. ಹೊಕ್ಕುಳಬಳ್ಳಿ ಮುಖದ ಮುಂದೆ ಹಾದು ಹೋಗಿತ್ತಂತೆ, ಅದರ ನೆರಳು ತುಟಿ ಮೇಲೆ ಬಿದ್ದು ಸೀಳಿದ ಹಾಗೆ ಕಂಡಿದೆ. ತ್ರೀಡಿಲಿ ಕಂಡಿದ್ದನ್ನ ಟೂಡಿಲಿ ನೋಡಿ ಖಾತ್ರಿ ಮಾಡದೆ ನಂಬೋಹಾಗೇ ಇಲ್ಲ ಅಂದ್ರು. ಅದಕ್ಕೇ ಹೇಳ್ತಿದೀನಿ, ಹೋಗೋದಾದ್ರೆ ಕಂಡಿದ್ದನ್ನ ಅಲ್ಲೇ ಕೂತು ವಿವರಿಸೋರು ಇರೋ ಕಡೆ ಹೋಗು ತಾಯಿ.

ಸ್ಕ್ಯಾನ್ ರೂಮಿಂದ:
ಇದು ನಿಜವಾಗ್ಲೂ ಆಗುತ್ತೆ. ಇನ್ನೊಂದು ಥರನೂ ಆಗುತ್ತೆ, ಫೋಟೋ ನುಣ್ಣಗೆ ಕಾಣ್ಲಿ ಅಂತ ಸಣ್ಣ ಪ್ರತಿಧ್ವನಿಗಳನ್ನ ಅಳಿಸೋ ಸೆಟ್ಟಿಂಗ್ ಜಾಸ್ತಿ ಇಟ್ರೆ ಚರ್ಮನೇ ಅಳಿಸಿ ಹೋಗಿ ಕೆನ್ನೇಲಿ ತೂತು ಬಿದ್ದ ಹಾಗೆ ಬರುತ್ತೆ. ಕಡಿಮೆ ಇಟ್ರೆ ಮಂಜು ಕವಿದ ಹಾಗೆ. ನೋಡೋರಿಗೆ ಫೋಟೋ ಅನ್ನಿಸುತ್ತೆ ಆದ್ರೆ ಅದು ಫೋಟೋ ಅಲ್ಲ.

ಸೀಳುತುಟಿ ಮಗೂ ಅಮ್ಮ:
ನಂದು ಮೇಲಿನವ್ರಿಗೆ ತಿರುಗ್ ಮುರುಗ್. 20 ವಾರದ ಟೂಡಿಲೇ ಅನುಮಾನ ಬಂತು, ಆಮೇಲೆ ಅದೇ ಡಾಕ್ಟರೇ ತ್ರೀಡಿ ಮಾಡಿದ್ರು. ನಿಜ ಹೇಳ್ತೀನಿ, ಟೂಡಿಲಿ ಡಾಕ್ಟರ್ ಬೆರಳಿಟ್ಟು ತೋರಿಸಿದ್ರೂ ನಂಗೆ ಬೂದು ಚುಕ್ಕೆ ಬಿಟ್ರೆ ಏನೂ ಗೊತ್ತಾಗಿರ್ಲಿಲ್ಲ. ತ್ರೀಡಿಲಿ ನೋಡಿದ್ ತಕ್ಷಣ ಅರ್ಥ ಆಯ್ತು, ಎಡಗಡೆ, ಮೂಗಿನ ಹೊಳ್ಳೆವರೆಗೆ. ಅವತ್ತು ಅತ್ತಿದ್ದು ನಿಜ, ಆದ್ರೆ ಹೆರಿಗೆ ದಿನ ಅಳ್ಲಿಲ್ಲ, ಆ ಮುಖದ ಪರಿಚಯ ಮೊದ್ಲೇ ಆಗಿತ್ತು ನಂಗೆ. ಸರ್ಜನ್‌ನ ಹುಟ್ಟೋಕೆ ಮುಂಚೆನೇ ಭೇಟಿ ಮಾಡಿದ್ವಿ, ಹಾಲು ಕುಡಿಸೋಕೆ ಬೇರೆ ಥರದ ಬಾಟಲಿ ಬೇಕಾಗ್ಬಹುದು ಅಂತ ತಿಳ್ಕೊಂಡ್ವಿ. ತುಟಿ ಆಪರೇಷನ್ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ಮಾಡ್ತಾರೆ, ನಮ್ಮದು ನಾಲ್ಕನೇ ತಿಂಗಳಲ್ಲಿ ಆಯ್ತು. ಅಂಗುಳ ಸೀಳಿದ್ಯಾ ಇಲ್ವಾ ಅನ್ನೋದು ಮಾತ್ರ ತ್ರೀಡಿಲೂ ಖಚಿತವಾಗಿ ಹೇಳೋಕೆ ಆಗ್ಲಿಲ್ಲ, ಒಸಡಿನ ಮೂಳೆ ನೆರಳು ಬೀಳುತ್ತೆ ಅಂದ್ರು, ಹುಟ್ಟಿದ ಮೇಲೆ ನೋಡಿದ್ರೆ ಅಂಗುಳ ಸರಿ ಇತ್ತು.

ಮಗು ಇಲ್ಲದೆ ತ್ರೀಡಿ ಮಾಡಿಸಿದೋಳು:
ತ್ರೀಡಿ ಅಂದ್ರೆ ಎಲ್ರೂ ಮಗು ಮುಖ ಅಂತ್ಲೇ ಮಾತಾಡ್ತಾರೆ, ನಂಗೆ ಅದರಿಂದ ಉಪಯೋಗ ಆಗಿದ್ದು ಬೇರೆ. ಎರಡು ಸಲ ಅಬಾರ್ಷನ್ ಆಗಿತ್ತು ನಂಗೆ. ಟೂಡಿ ರಿಪೋರ್ಟಲ್ಲಿ ಗರ್ಭಕೋಶ ಎರಡು ಕೊಂಬಿನ ಆಕಾರ ಅಂತ ಬರ್ದಿದ್ರು. ಇನ್ನೊಬ್ಬ ಡಾಕ್ಟರು ಒಳಗಿಂದ ಮಾಡೋ ಸ್ಕ್ಯಾನಲ್ಲೇ ತ್ರೀಡಿ ತೆಗೆದ್ರು, ಮುಟ್ಟು ಆಗಿ ಎರಡು ವಾರ ಕಳೆದ ಮೇಲೆ ಬನ್ನಿ ಅಂದ್ರು, ಆಗ ಒಳಪದರ ದಪ್ಪಗಿರುತ್ತಂತೆ, ಆಕಾರ ಚೆನ್ನಾಗಿ ಎದ್ದು ಕಾಣುತ್ತಂತೆ. ಮುಖಾಮುಖಿ ನೋಡಿದ ಹಾಗೆ ಗರ್ಭಕೋಶದ ಒಂದು ಚಿತ್ರ ಬರುತ್ತೆ, ಟೂಡಿಲಿ ಆ ಕೋನ ಸಿಗೋದೇ ಕಷ್ಟ ಅಂತೆ. ಹೊರಗಿನ ಮೇಲ್ತುದಿ ನುಣ್ಣಗಿತ್ತು, ಒಳಗೆ ಮಾತ್ರ ನಡುವೆ ಗೋಡೆ. ಅಂದ್ರೆ ಎರಡು ಕೊಂಬು ಅಲ್ಲ, ಒಂದೇ ಗರ್ಭಕೋಶ, ಮಧ್ಯೆ ಪರದೆ. ಈ ವ್ಯತ್ಯಾಸ ದೊಡ್ಡದು ಯಾಕಂದ್ರೆ ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ, ಪರದೆ ಆದ್ರೆ ಹೊಟ್ಟೆ ಕೊಯ್ಯದೆ ಕೆಳಗಿಂದಲೇ ತೆಗೀಬಹುದು. ತೆಗೀಲೇಬೇಕಾ ಅನ್ನೋದರಲ್ಲಿ ಡಾಕ್ಟರ್‌ಗಳಲ್ಲೇ ಒಮ್ಮತ ಇಲ್ಲ, ನಾನು ಇಬ್ಬರನ್ನ ಕೇಳಿ ಆಮೇಲೆ ನಿರ್ಧಾರ ಮಾಡ್ದೆ. ಕಾಪರ್ ಟಿ ಸರಿಯಾಗಿ ಕೂತಿದ್ಯಾ ಅಂತ ನೋಡೋಕೂ ಇದೇ ಚಿತ್ರನೇ ಬಳಸ್ತಾರೆ.

ಅಪ್ಪನ ಜೊತೆ ಓಡಾಡ್ತಿರೋನು:
ಸ್ವಲ್ಪ ಬೇರೆ ದಾರಿ, ಕ್ಷಮಿಸಿ. ನಮ್ಮಪ್ಪಂಗೆ ಹಾರ್ಟಿನ ಮೈಟ್ರಲ್ ವಾಲ್ವ್ ಲೀಕ್. ಗಂಟಲಿಗೆ ಮರಗಟ್ಟೋ ಔಷಧಿ ಸ್ಪ್ರೇ ಮಾಡಿ ಅನ್ನನಾಳದೊಳಗೆ ಪ್ರೋಬ್ ಇಳಿಸಿ ತ್ರೀಡಿ ಎಕೋ (ಹಾರ್ಟಿನ ಅಲ್ಟ್ರಾಸೌಂಡ್) ಮಾಡಿದ್ರು, ಅನ್ನನಾಳ ಹಾರ್ಟಿನ ಬೆನ್ನಿಗೇ ಅಂಟ್ಕೊಂಡಿರೋದ್ರಿಂದ ಅಲ್ಲಿಂದ ಚೆನ್ನಾಗಿ ಕಾಣುತ್ತಂತೆ. ವಾಲ್ವ್ ಬಾಗಿಲು ತೆಗ್ದು ಮುಚ್ಚೋದು ಮೀನಿನ ಬಾಯಿ ಥರ ಕಾಣ್ತಿತ್ತು, ಯಾವ ತುಂಡು ಜೋತುಬಿದ್ದಿದೆ ಅಂತ ನಂಗೂ ಗೊತ್ತಾಯ್ತು. ಈ ಪ್ರೋಬಲ್ಲಿ ಮೋಟಾರ್ ಇರಲ್ಲ, ಬೆರಳ ತುದಿಯಷ್ಟು ಜಾಗದಲ್ಲಿ ಸಾವಿರಾರು ಹರಳು, ಎಲ್ಲ ಎಲೆಕ್ಟ್ರಾನಿಕ್ಕಾಗೇ ದಿಕ್ಕು ಬದಲಾಯಿಸುತ್ತೆ.

ಮೆಷಿನ್ ರಿಪೇರಿಯವ:
ಮೋಟಾರ್ ಅಂದ್ರಲ್ಲ, ಅದರ ಕಥೆ ನಾನು ಹೇಳ್ತೀನಿ. ಮೋಟಾರ್ ಇರೋ ಪ್ರೋಬ್ ಒಳಗೆ ಎಣ್ಣೆ ಥರದ ದ್ರವ ತುಂಬಿರ್ತಾರೆ, ಯಾರೋ ಬೀಳಿಸಿ ಸಣ್ಣ ಬಿರುಕು ಬಿಟ್ರೆ ಅಥವಾ ಹಳೇದಾದ್ರೆ ಒಳಗೆ ಗಾಳಿ ಗುಳ್ಳೆ ಸೇರುತ್ತೆ, ಗುಳ್ಳೆ ಬಂದ ಕಡೆ ಚಿತ್ರದಲ್ಲಿ ಕಪ್ಪು ಪಟ್ಟೆ. ಎಷ್ಟೋ ಸಲ "ಪೇಷೆಂಟ್ ದಪ್ಪ ಇದಾರೆ ಅದಕ್ಕೇ ಕಾಣ್ತಿಲ್ಲ" ಅಂತ ಬೈಸ್ಕೊಂಡಿರ್ತಾರೆ ಪಾಪ, ನೋಡಿದ್ರೆ ಗುಳ್ಳೆ. ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ತಂಡ ಹೊಟ್ಟೆಯ ಅಲ್ಟ್ರಾಸೌಂಡ್ ಬಗ್ಗೆ ಬರ್ದಿದ್ದು 1958ರಲ್ಲಿ, ಜಪಾನಿನ ಕಜುನೋರಿ ಬಾಬಾ ಮಗೂನ ತ್ರೀಡಿಲಿ ತೋರಿಸಿದ್ದು 1980ರ ದಶಕದ ಮಧ್ಯದಲ್ಲಿ, ಆ ದಶಕದ ಕೊನೇಲಿ ಆಸ್ಟ್ರಿಯಾದ ಕ್ರೆಟ್ಜ್‌ಟೆಕ್ನಿಕ್ ಕಂಪನಿ ಮಾರಾಟಕ್ಕೆ ಮೆಷಿನ್ ತಂತು. ಇಷ್ಟು ವರ್ಷ ಆದ್ರೂ ಗುಳ್ಳೆ ಮಾತ್ರ ಹೋಗಿಲ್ಲ.

ಕೇಳ್ತಿರೋಳು:
ಎಲ್ಲರಿಗೂ ಥ್ಯಾಂಕ್ಸ್, ಐದು ವಾರ ಆದ್ಮೇಲೆ ಬರೀತಿದೀನಿ. ಬೇರೆ ಎಲ್ಲೂ ಹೋಗ್ಲಿಲ್ಲ, 29ನೇ ವಾರಕ್ಕೆ ಡಾಕ್ಟರೇ ಬೆಳವಣಿಗೆ ಸ್ಕ್ಯಾನ್ ಬರೆದ್ರು, ಅದರಲ್ಲೇ ಕೇಳ್ದೆ. ಅರ್ಧ ಮುಖ ಸಿಕ್ತು, ಒಂದು ಕೆನ್ನೆ, ಒಂದು ಕಿವಿ, ಇನ್ನರ್ಧ ಮಾಸಿಗೆ ಒತ್ಕೊಂಡಿತ್ತು. ಅತ್ತೇನೂ ಕರ್ಕೊಂಡು ಹೋಗಿದ್ದೆ, ಇಲ್ಲಿ ಬರ್ದಿದ್ದನ್ನೆಲ್ಲ ಅವ್ರಿಗೆ ಓದಿ ಹೇಳಿದ್ದೆ ಬೇರೆ. ಅವ್ರು ಮೊಮ್ಮಗೂನ ನೋಡೋದು ಬಿಟ್ಟು ಪೂರ್ತಿ ಹೊತ್ತು ಮೂಲೇಲಿರೋ ಟಿಐ ನಂಬರ್ ನೋಡ್ತಾ ಕೂತಿದ್ರು, ಮಧ್ಯೆ ಒಂದ್ಸಲ ಅದು ಜಾಸ್ತಿ ಆಯ್ತು ನೋಡಿ, "ಯಾಕಮ್ಮ ಏರ್ತು ಅದು?" ಅಂತ ಡಾಕ್ಟರ್‌ನ ಕೇಳೇಬಿಟ್ರು. ಡಾಕ್ಟರ್ ಗಾಬರಿಯಾಗಿ ನಕ್ಕು, ಹೊಕ್ಕುಳಬಳ್ಳೀಲಿ ರಕ್ತ ಹರಿಯೋದು ನೋಡೋಕೆ ಡಾಪ್ಲರ್ ಹಾಕಿದೀನಿ ಅಮ್ಮ, ಈಗ ತೆಗೀತೀನಿ ಅಂದ್ರು. ಇವ್ರು "ಹೂಂ ತೆಗಿ" ಅಂದ್ರು.